ಕೋಟಿನ ತೋಳು ಕೊನೆಗೂ ಕೂತಿತು

ನನಗೇ ಅಂತ ಉಣ್ಣೆ ಬಟ್ಟೆಯಲ್ಲಿ ಸೂಟ್ ಹೊಲಿಯಲು ಹೊರಟಿದ್ದೆ. ಪ್ಯಾಂಟ್ ಸಲೀಸಾಗಿ ಮುಗಿಯಿತು. ಕೋಟಿನ ತೋಳು ಮಾತ್ರ ಭುಜದ ಹತ್ತಿರ ಸುಕ್ಕು ಸುಕ್ಕು. ಎರಡು ಸಲ ಬಿಚ್ಚಿ ಹೊಲಿದರೂ ಅದೇ ಕಥೆ.

ಟೇಪ್ ಹಿಡಿದು ಅಳೆದೆ. ತೋಳಿನ ಮೇಲಂಚು ಆರ್ಮ್‌ಹೋಲ್‌ಗಿಂತ, ಅಂದರೆ ಕೋಟಿನಲ್ಲಿ ತೋಳು ಸೇರಿಸುವ ಕಂಡಿಯ ಸುತ್ತಳತೆಗಿಂತ, 1.5 ಇಂಚು ಜಾಸ್ತಿ. ಅದು ತಪ್ಪಲ್ಲ, ಭುಜದ ಉಬ್ಬಿಗೆ ಅಷ್ಟು ಬೇಕು. ನಾನು ಅದನ್ನು ಸುಮ್ನೆ ಮಿಷಿನ್‌ಗೆ ತುರುಕುತ್ತಿದ್ದೆ, ಅಷ್ಟೇ.

ಈ ಸಲ ಮೇಲಂಚಿಗೆ ಉದ್ದುದ್ದ ಹೊಲಿಗೆಯ ಎರಡು ಸಾಲು ಹಾಕಿ, ದಾರ ಮೆಲ್ಲಗೆ ಎಳೆದೆ. ಉಂಡೆ ಸುತ್ತಿದ ಟವೆಲ್ ಮೇಲಿಟ್ಟು ಇಸ್ತ್ರಿಯ ಹಬೆ ಕೊಟ್ಟೆ. ಉಣ್ಣೆ ಅಲ್ವಾ, ನೆರಿಗೆಗಳು ಕಣ್ಣೆದುರೇ ಕುಗ್ಗಿ ಮಾಯವಾದವು. (ಪಾಲಿಯೆಸ್ಟರ್ ಹೀಗೆ ಮಾತು ಕೇಳುವುದಿಲ್ಲ.) ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿ, ಆಮೇಲೆ ಮಿಷಿನ್.

ಎಡತೋಳು ಒಂಚೂರು ಹಿಂದಕ್ಕೆ ತಿರುಗಿದೆ. ಇರಲಿ, ಇನ್ನು ಬಿಚ್ಚುವುದಿಲ್ಲ.