ಸೆಲ್ ಖಾಲಿಯಾಗಿದೆಯಾ ಇಲ್ವಾ? ನಾನು ನೋಡುವ ರೀತಿ

ನಮ್ಮ ಮನೆಯಲ್ಲಿ ಸೆಲ್ಲುಗಳಿಗೆಂದೇ ಒಂದು ಡಬ್ಬಿ ಇದೆ. ರಿಮೋಟಿನಿಂದ ತೆಗೆದದ್ದು, ಗಡಿಯಾರದಿಂದ ತೆಗೆದದ್ದು, ಹೊಸದು, ಎಲ್ಲಾ ಅದರಲ್ಲೇ. ಟಾರ್ಚ್ ಮಂಕಾದರೆ ಮೂರೂ ಸೆಲ್ ಒಟ್ಟಿಗೆ ತೆಗೆದುಹಾಕುತ್ತಿದ್ದೆ. ಒಮ್ಮೆ ಯಾಕೋ ಒಂದೊಂದನ್ನೇ ಪರೀಕ್ಷೆ ಮಾಡಿದೆ. ಎರಡು ಗಟ್ಟಿಯಾಗಿದ್ದವು, ಸೋತಿದ್ದು ಒಂದೇ. ಅದು ಡಬ್ಬಿಯಿಂದ ಎತ್ತಿ ಹೊಸದರ ಜೊತೆ ಬೆರೆಸಿ ಹಾಕಿದ ಹಳೇ ಸೆಲ್. ಅವತ್ತಿನಿಂದ ನೋಡದೆ ಯಾವುದನ್ನೂ ಎಸೆದಿಲ್ಲ.

ಮೊದಲು ಮಾಡುವುದು ಬೀಳಿಸಿ ನೋಡುವುದು. ಗಟ್ಟಿ ನೆಲದ ಮೇಲೆ ಎರಡು ಮೂರು ಇಂಚು ಎತ್ತರದಿಂದ, ಚಪ್ಪಟೆ ತುದಿ ಕೆಳಗೆ ಬರುವಂತೆ ಬಿಡಿ. ಹೊಸ ಆಲ್ಕಲೈನ್ ಸೆಲ್ (ಮೈಮೇಲೆ Alkaline ಅಂತ ಬರೆದಿರುವ ಬಗೆ) ದಪ್ಪೆಂದು ಕೂರುತ್ತದೆ, ಬಳಸಿದ್ದು ಪುಟಿಯುತ್ತದೆ. ಒಳಗೆ ಪೇಸ್ಟಿನಂತಿರುವ ಸತು ಬಳಸುತ್ತಾ ಹೋದಂತೆ ಸತುವಿನ ಆಕ್ಸೈಡ್ ಆಗಿ ಬಿಗಿದುಕೊಳ್ಳುತ್ತದೆ, ಪೆಟ್ಟನ್ನು ಹೀರುವ ಮೆತ್ತನೆ ಗುಣ ಹೋಗುತ್ತದೆ. ಆದರೆ ಪುಟಿದ ತಕ್ಷಣ ಎಸೆಯಬೇಡಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನೇ ಅಳೆದು ನೋಡಿದಾಗ, ಸೆಲ್ ಸುಮಾರು ಅರ್ಧ ಖಾಲಿಯಾಗುವಷ್ಟರಲ್ಲೇ ಪುಟಿತ ಹೆಚ್ಚುವುದು ನಿಂತುಬಿಡುತ್ತದೆ ಅಂತ ಗೊತ್ತಾಯಿತು. ಅಂದರೆ ಪುಟಿದರೆ ಹೊಸದಲ್ಲ ಅಂತ ಅಷ್ಟೇ ತಿಳಿಯುತ್ತದೆ, ಇನ್ನೂ ಎಷ್ಟು ಉಳಿದಿದೆ ಅಂತ ತಿಳಿಯುವುದಿಲ್ಲ. ರೀಚಾರ್ಜ್ ಸೆಲ್ಲಿಗೆ ಈ ಉಪಾಯವೇ ನಡೆಯುವುದಿಲ್ಲ.

ಹಾಗಾಗಿ ನನ್ನ ನಂಬಿಕೆ ವೋಲ್ಟ್ ಅಳೆದು ತೋರಿಸುವ ಮಲ್ಟಿಮೀಟರ್ ಮೇಲೆ. ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಹೊಸ ಆಲ್ಕಲೈನ್ 1.5ಕ್ಕಿಂತ ಸ್ವಲ್ಪ ಜಾಸ್ತಿ, 1.6ರ ಹತ್ತಿರ ತೋರಿಸುತ್ತದೆ. 1.3 ಬಂದರೆ ಟಾರ್ಚಿಗೆ ಬೇಡ, ಗೋಡೆ ಗಡಿಯಾರಕ್ಕೆ ಹಾಕಿ, ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ರೀಚಾರ್ಜ್ ಸೆಲ್ ಮಾತ್ರ 1.2 ವೋಲ್ಟಿನದೇ, ಅದನ್ನು ಕಂಡು ಸತ್ತಿದೆ ಅಂದುಕೊಳ್ಳಬೇಡಿ. ಗುಂಡಿಯಂಥ ಸಿಆರ್2032 ಹೊಸದಾದರೆ 3ಕ್ಕಿಂತ ಮೇಲಿರುತ್ತದೆ. ಅದನ್ನು ಪರೀಕ್ಷೆ ಮಾಡುವಾಗ ಮಕ್ಕಳ ಕೈಗೆ ಸಿಗದಂತೆ ದಯವಿಟ್ಟು ನೋಡಿಕೊಳ್ಳಿ, ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಆದರೂ ಮೀಟರ್ ಒಂದೇ ಸಾಲದು, ಇದು ನನಗೆ ತಡವಾಗಿ ಅರ್ಥವಾಯಿತು. ಸುಮ್ನೆ ಕೂತ ಸೆಲ್ ಒಳ್ಳೇ ವೋಲ್ಟ್ ತೋರಿಸಿ, ಕೆಲಸ ಕೊಟ್ಟ ಕೂಡಲೇ ಕುಸಿಯಬಹುದು. ಟಾರ್ಚಿನ ಆ ಸೋತ ಸೆಲ್ 1.27 ತೋರಿಸಿತ್ತು. ಸೆಲ್ಲಿಗೆ ಕೆಲಸ ಕೊಡಲು ಎರಡು ತುದಿಗೆ 10 ಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಹಿಡಿದು ಮತ್ತೆ ಅಳೆದೆ, ಕೆಲವೇ ಸೆಕೆಂಡಿನಲ್ಲಿ 1 ವೋಲ್ಟಿಗಿಂತ ಕೆಳಗೆ ಇಳಿಯಿತು. ಚೆನ್ನಾಗಿರುವ ಸೆಲ್ 1.4ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬರೀ ತಂತಿ ಹಿಡಿದು ನೋಡಬೇಡಿ, ಶಾರ್ಟ್ ಆಗಿ ಕೈ ಸುಡುವಷ್ಟು ಬಿಸಿಯಾಗುತ್ತದೆ.

ತುದಿಯಲ್ಲಿ ಬಿಳಿ ಪುಡಿ ಕಂಡರೆ ಅಳೆಯುವ ಮಾತೇ ಇಲ್ಲ, ಸೆಲ್ ಲೀಕ್ ಆಗಿದೆ. ಬರಿಗೈಯಲ್ಲಿ ಮುಟ್ಟದೆ ತೆಗೆದು, ಆಲ್ಕಲೈನ್ ಆಗಿದ್ದರೆ ರಿಮೋಟ್ ಅಥವಾ ಟಾರ್ಚಿನಲ್ಲಿ ಸೆಲ್ ಕೂರುವ ಜಾಗದ ಸ್ಪ್ರಿಂಗನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಎಷ್ಟೋ ಸಲ ಹೊಸ ಸೆಲ್ ಹಾಕಿದರೂ ಕೆಲಸ ಮಾಡದ ರಿಮೋಟ್ ಇಷ್ಟು ಮಾಡಿದ ಮೇಲೆ ಸರಿಹೋಗಿದೆ.