ಪೆಟ್ರೋಲ್ ಕಾರು ಮಾರಿ ಇವಿ (ಎಲೆಕ್ಟ್ರಿಕ್ ಕಾರು) ತಗೋಬೋದಾ? ಮೊದ್ಲು ಹೀಗೆ ಚೆಕ್ ಮಾಡ್ಕೊಳ್ಳಿ

ಶೋರೂಮಿಗೆ ಹೋಗೋಕೆ ಮುಂಚೆ ಒಂದು ತಿಂಗಳು ದಿನಾ ರಾತ್ರಿ ಓಡೋಮೀಟರ್ ರೀಡಿಂಗ್ ಬರ್ದಿಟ್ಕೊಳ್ಳಿ, ದಿನಕ್ಕೆ 50-60 ಕಿಮೀ ಒಳಗಿದ್ರೆ ಇವಿ ಆರಾಮಾಗಿ ಸಾಕು.

ಆಮೇಲೆ ಪಾರ್ಕಿಂಗ್, ಇದೇ ಮುಖ್ಯ. ನಿಮ್ಮ ಜಾಗದಲ್ಲಿ ಸರಿಯಾದ ಅರ್ಥಿಂಗ್ ಇರೋ 15 ಆಂಪ್ ಪಾಯಿಂಟ್ ಹಾಕ್ಸೋಕಾಗುತ್ತಾ ಅಂತ ಎಲೆಕ್ಟ್ರಿಷಿಯನ್ ಕರ್ಸಿ ತೋರ್ಸಿ, ಅಪಾರ್ಟ್‌ಮೆಂಟಾದ್ರೆ ಅಸೋಸಿಯೇಷನ್ ಒಪ್ಪಿಗೆ ಬರವಣಿಗೆಲೇ ತಗೊಳ್ಳಿ. 30 ಯೂನಿಟ್ ಬ್ಯಾಟರಿ 3.3 ಕಿಲೋವ್ಯಾಟ್ ಚಾರ್ಜರಲ್ಲಿ ತುಂಬೋಕೆ 9-10 ಗಂಟೆ, ರಾತ್ರಿ ಹಾಕಿ ಮಲಗಿದ್ರೆ ಬೆಳಿಗ್ಗೆ ರೆಡಿ. ಮನೇಲಿ ಚಾರ್ಜಿಂಗ್ ಆಗಲ್ಲ ಅಂದ್ರೆ ಸದ್ಯಕ್ಕೆ ಬೇಡ ಅಂತೀನಿ.

ಇನ್ನು ಊರಿನ ದಾರಿ. ಬೆಂಗಳೂರಿಂದ ಮಂಗಳೂರು ಸುಮಾರು 350 ಕಿಮೀ, ಕಂಪನಿ ಹೇಳೋ ರೇಂಜಲ್ಲಿ (ಒಂದ್ಸಲ ಫುಲ್ ಚಾರ್ಜಿಗೆ ಓಡೋ ದೂರ) ಮುಕ್ಕಾಲು ಭಾಗ ಮಾತ್ರ ಲೆಕ್ಕಕ್ಕೆ ಹಿಡೀರಿ, ಹೈವೇಲಿ ಜೋರಾಗಿ ಹೊಡೆದ್ರೆ ಅದೂ ಬರಲ್ಲ. ಹಾಸನದ ಹತ್ರ ಫಾಸ್ಟ್ ಚಾರ್ಜರ್ ಮೊದ್ಲೇ ಆ್ಯಪಲ್ಲಿ ಹುಡ್ಕಿ, ಅದು ಕೆಟ್ಟಿದ್ರೆ ಅಂತ ಇನ್ನೊಂದೂ ನೋಡಿಟ್ಕೊಳ್ಳಿ, 80 ಪರ್ಸೆಂಟ್ ಆದ್ಮೇಲೆ ಸ್ಲೋ ಆಗುತ್ತೆ, ಹೊರಟ್ಬಿಡಿ. ಶಿರಾಡಿ ಘಾಟ್ ಇಳಿಯುವಾಗ ರೀಜೆನ್ (ಕಾರು ನಿಧಾನ ಆಗುವಾಗ ಕರೆಂಟ್ ವಾಪಸ್ ಮಾಡೋ ಸೆಟ್ಟಿಂಗ್) ಜಾಸ್ತಿ ಇಟ್ರೆ ಬ್ಯಾಟರಿ ಸ್ವಲ್ಪ ವಾಪಸ್ ತುಂಬುತ್ತೆ, ಅದನ್ನ ನೋಡೋದೇ ಖುಷಿ.

ವಾರವಾರ ಹೀಗೆ ದೂರ ಹೋಗೋರು, ಮನೇಲಿ ಇರೋದು ಒಂದೇ ಕಾರು ಅಂದ್ರೆ ಪೆಟ್ರೋಲ್ ಗಾಡಿ ಈಗ್ಲೇ ಮಾರ್ಬೇಡಿ.