ಕಾಳುಮೆಣಸು ಹಾಕಿ ‘ಪೆಪ್’ ಕಲಿಸಿದೆ

ಶಿರಸಿ ಹತ್ತಿರ ನಮ್ಮೂರಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ‘ಪೆಪ್’ ಅನ್ನೋ ಪುಟ್ಟ ಶಬ್ದ ನನ್ನನ್ನು ಎರಡು ವರ್ಷ ಸತಾಯಿಸಿತು. ಹುರುಪು, ಲವಲವಿಕೆ ಅಂದರೆ ಮಕ್ಕಳು ತಲೆಯಾಡಿಸುತ್ತಾರೆ. ವಾಕ್ಯ ಮಾಡಿ ಅಂದರೆ ‘ಹೀ ಈಸ್ ವೆರಿ ಪೆಪ್’!

ಹತ್ತತ್ತು ಸಲ ಬರೆಸಿದೆ. ಬಣ್ಣದ ಕಾರ್ಡ್ ಮಾಡಿಸಿದೆ, 900 ರೂಪಾಯಿ ಹತ್ತಿರ ಹೋಯಿತು. ತಿಂಗಳಿಗೆ 300 ಫೀ ತಗೊಳ್ಳುವವಳಿಗೆ ಅದು ಮೂರು ಮಕ್ಕಳ ದುಡ್ಡು. ಮಳೆಗಾಲದಲ್ಲಿ ಕಾರ್ಡಿಗೆಲ್ಲ ಬೂಷ್ಟು ಬಂತು.

ಪೆಪ್ ಅಂದರೆ ಪೆಪ್ಪರ್‌ನ ಮೊಟಕು ರೂಪ. 20ನೇ ಶತಮಾನದ ಶುರುವಿಗೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು. ಪೆಪ್ಪರ್ ಅನ್ನೋ ಶಬ್ದದ ಬೇರು ನಮ್ಮ ಸಂಸ್ಕೃತದ ‘ಪಿಪ್ಪಲಿ’. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ದಿನಾ ಕಣ್ಣೆದುರೇ ಇತ್ತು, ಅಲ್ವಾ?

ಮೊದಲ ದಿನ ಒಂದೊಂದು ಕಾಳು ಅಗಿಯಲು ಕೊಟ್ಟೆ. ತಪ್ಪಾಯಿತು. ಒಬ್ಬನಿಗೆ ಬಿಕ್ಕಳಿಕೆ ನಿಲ್ಲಲಿಲ್ಲ, ಅವನ ಅಮ್ಮ ಮನೆಗೇ ಬಂದರು. ‘ಇದೇನು ಅಡುಗೆ ಕ್ಲಾಸಾ?’ ಅಂದರು ಇನ್ನೊಬ್ಬ ಟೀಚರ್.

ಆಮೇಲೆ ಕಷಾಯ ಹಿಡಿದೆ, ಎರಡು ಬಗೆ ಮಾಡಿದೆ. ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು ಎರಡಕ್ಕೂ ಒಂದೇ ಅಳತೆ. ಒಂದಕ್ಕೆ ಮಾತ್ರ ಮೆಣಸು. ಎರಡನ್ನೂ ಒಂದೊಂದು ಗುಟುಕು ಕುಡಿಸಿ, ಯಾವುದರಲ್ಲಿ ಪೆಪ್ ಇದೆ ಅಂತ ಕೇಳಿದೆ. ‘ದಿಸ್ ಒನ್ ಹ್ಯಾಸ್ ಪೆಪ್’ ಅಂದರು. ‘ಹ್ಯಾಸ್’ ತಾನಾಗಿ ಬಂತು! ಪೆಪ್ ಇರುವಂಥದ್ದು, ವಸ್ತು ತಾನೇ ಪೆಪ್ ಅಲ್ಲ. ವ್ಯಾಕರಣ ಹೇಳಬೇಕಾಗಲೇ ಇಲ್ಲ. ‘ಪೆಪ್ಪಿ’ (ಲವಲವಿಕೆಯ), ‘ಪೆಪ್ ಅಪ್’ (ಹುರುಪು ತುಂಬು) ಒಂದೇ ವಾರದಲ್ಲಿ ಹತ್ತಿದವು. ಅರ್ಜಿಯಲ್ಲಿ ಬರೆಯಬೇಡಿ, ಇದು ಮಾತಿನ ಶಬ್ದ ಅಂತ ಮಾತ್ರ ಎಚ್ಚರಿಸಿದೆ. ಕನ್ನಡಕ್ಕೆ ‘ಚುರುಕು’ ಅಂದೆ. ಬಿಸಿಲೂ ಚುರುಕು, ಹುಡುಗಿಯೂ ಚುರುಕು. ಸುಡುವುದು, ಓಡಾಡುವುದು ಎರಡೂ ಅದರಲ್ಲಿವೆ. ಹುರುಪಿಗೆ ಆ ಖಾರ ಎಲ್ಲಿದೆ?

ನಡುವೆ ಉತ್ಸಾಹ ಅನ್ನೋ ಅರ್ಥದ ‘ಜೆಸ್ಟ್’ ಕಲಿಸಲು ಲಿಂಬೆ ಸಿಪ್ಪೆ ತುರಿದು ಮೂಸಿಸಿದೆ. ಆ ಶಬ್ದಕ್ಕೆ ಸಿಪ್ಪೆ ಅನ್ನೋ ಅರ್ಥವೂ ಇದೆ. ಅರ್ಧ ಮಕ್ಕಳಿಗಷ್ಟೇ ನೆನಪುಳಿಯಿತು. ಚುರುಕುಗೊಳಿಸು ಅನ್ನೋ ‘ಜಿಂಜರ್ ಅಪ್’ಗೆ ಶುಂಠಿ ಚೆನ್ನಾಗಿ ನಡೆಯಿತು.

ಕಷಾಯದ ಖರ್ಚು ದಿನಕ್ಕೆ 40 ರೂಪಾಯಿಯೂ ಆಗಲಿಲ್ಲ. ಏಳು ಮಕ್ಕಳಿದ್ದಲ್ಲಿ ಈಗ ಇಪ್ಪತ್ತರ ಮೇಲಿದ್ದಾರೆ. ಮೊನ್ನೆ ಯಕ್ಷಗಾನ ನೋಡಿ ಬಂದ ಹುಡುಗಿ, ‘ದಿ ಚಂಡೆ ಪೆಪ್ಡ್ ಅಪ್ ದಿ ಹೋಲ್ ಶೋ’ ಅಂದಳು. ಆ ವಾಕ್ಯ ನಾನು ಹೇಳಿಕೊಟ್ಟದ್ದಲ್ಲ.

ಅಡುಗೆ ಕ್ಲಾಸಾ ಅಂದ ಟೀಚರ್ ಈಗ ಕಷಾಯದ ಅಳತೆ ಕೇಳುತ್ತಿದ್ದಾರೆ. ಅಳತೆ ಕೊಟ್ಟೆ. ಯಾವ ಲೋಟ ಮೊದಲು ಕೊಡಬೇಕು, ಎಷ್ಟು ಹೊತ್ತು ಬಿಟ್ಟು ಪ್ರಶ್ನೆ ಕೇಳಬೇಕು ಅನ್ನೋದನ್ನು ಮಾತ್ರ ಇಟ್ಟುಕೊಂಡಿದ್ದೇನೆ.